ನೋವನ್ನು ವಿಚಾರಿಸುತ್ತಿದ್ದ ಮೇಷ್ಟರು

ಮೇಷ್ಟರ ಎಡಗೈಯ ಮೊಣಕೈ ಯಾವಾಗಲೂ ಪಕ್ಕೆಗೆ ಅಂಟಿಕೊಂಡೇ ಇರುತ್ತಿತ್ತು. ಕಂಕುಳಲ್ಲಿ ಏನೋ ಪೊಟ್ಟಣ ಅವಚಿಕೊಂಡು, ಅದು ಜಾರದಂತೆ ನಡೆಯುವವರ ಹಾಗೆ. ಮೊದಲ ಸಲ ನೋಡಿದಾಗ ಎಲೆಅಡಿಕೆ ಚೀಲ ಇರಬೇಕು ಎಂದುಕೊಂಡೆ. ಸೆಕೆಗೆ ಅವರು ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತ ದಿನ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಬಸ್ಸಿಗೆ ಕೈ ಅಡ್ಡ ಹಾಕುವುದು, ತಲೆ ಬಾಚುವುದು, ನಮ್ಮನ್ನು ಗದರುವುದು ಎಲ್ಲವೂ ಬಲಗೈಯಲ್ಲೇ. ಕೇಳಬೇಕು ಅನ್ನಿಸಿದರೂ ಕೇಳಲಿಲ್ಲ.

ಅವರು ನಮಗೆ ನಾಟಕ ಕಲಿಸುತ್ತಿದ್ದ ಮೇಷ್ಟರು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ನಮ್ಮ ಕಡೆ ಯಾವ ದಿಕ್ಕಿಗೆ ಹೋದರೂ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ರೈತರು, ಡ್ರೈವರುಗಳು, ಅಂಗಡಿಯವರು ಸೇರಿ ಪಾತ್ರ ಹಂಚಿಕೊಂಡು, ಹಾರ್ಮೋನಿಯಂ ಮೇಷ್ಟರೊಬ್ಬರನ್ನು ಗೊತ್ತು ಮಾಡಿ, ಮೂರು ನಾಲ್ಕು ತಿಂಗಳು ಕಲಿತು ಒಂದು ಭಾನುವಾರ ಬಣ್ಣ ಹಚ್ಚುತ್ತಾರೆ. ನಾನು ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ನಲವತ್ತಾರನೆಯ ವಯಸ್ಸಿನಲ್ಲಿ ನನಗೂ ಆ ಹುಚ್ಚು ಹತ್ತಿತು. ಮೈ ದಪ್ಪ, ಗಂಟಲು ದೊಡ್ಡದು ಎಂಬ ಎರಡೇ ಯೋಗ್ಯತೆ ನೋಡಿ ಮೇಷ್ಟರು ನನಗೆ ಗದೆ ಹಿಡಿಯುವ ಪಾತ್ರ ಕೊಟ್ಟರು. ಆ ಪಾತ್ರ ರಂಗಕ್ಕೆ ಬರುವುದೇ ಎದೆ ಬಡಿದುಕೊಂಡು. ಮುಷ್ಟಿ ಕಟ್ಟಿ ಮೂರು ಸಲ ಧಡ್ ಧಡ್ ಧಡ್, ಆಮೇಲೆ ಗರ್ಜನೆ, ಆಮೇಲೆ ಮಾತು. ಅಷ್ಟರಲ್ಲಿ ಶಿಳ್ಳೆ ಬೀಳದಿದ್ದರೆ ಪಾತ್ರ ಬಿದ್ದುಹೋಯಿತು ಎಂದೇ ಲೆಕ್ಕ.

ಎರಡು ತಿಂಗಳಾಗುವ ಹೊತ್ತಿಗೆ ನನಗೆ ಎದೆನೋವು ಶುರುವಾಯಿತು. ಎದೆಮೂಳೆಯ ಎಡಮಗ್ಗುಲಲ್ಲಿ, ಆಳವಾಗಿ ಉಸಿರೆಳೆದರೆ, ಸೀನಿದರೆ, ಅಂಗಡಿಯ ಶಟರ್ ಎಳೆದರೆ. ನನ್ನ ತಂದೆ ಇದೇ ಅಂಗಡಿಯಲ್ಲಿ, ಇದೇ ನಲವತ್ತಾರನೆಯ ವಯಸ್ಸಿನಲ್ಲಿ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನನ್ನ ಸರದಿ ಬಂತು ಎಂದು ತೀರ್ಮಾನಿಸಿಬಿಟ್ಟೆ. ಭಯ ಎಷ್ಟಿತ್ತೆಂದರೆ ಹೆಂಡತಿಗೆ ಹೇಳಲೂ ಬಾಯಿ ಬರಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಇಸಿಜಿ, ಎಕೋ ಎಲ್ಲ ಮಾಡಿದರು. ನನ್ನ ಮಗಳ ವಯಸ್ಸಿನ ಡಾಕ್ಟರು ಎದೆಯ ಮೇಲೆ ಒಂದು ಕಡೆ ಬೆರಳಿಟ್ಟು ಒತ್ತಿದರು. ನಾನು ಮಂಚದ ಮೇಲೆ ಎಗರಿಬಿದ್ದೆ.

"ಹಾರ್ಟ್ ಚೆನ್ನಾಗಿದೆ ಸಾರ್. ಪಕ್ಕೆಲುಬು ಎದೆಮೂಳೆಗೆ ಸೇರೋ ಕಡೆ ಮೆತ್ತಗಿನ ಮೂಳೆ ಇರುತ್ತಲ್ಲ, ಅಲ್ಲಿ ಉರಿಯೂತ ಆಗಿದೆ. ಎದೆಗೆ ಪೆಟ್ಟೇನಾದ್ರೂ ಬಿದ್ದಿತ್ತಾ?"

"ಇಲ್ಲ ಮೇಡಂ" ಎಂದೆ. ವಾರಕ್ಕೆ ಮೂರು ಸಂಜೆ ನನ್ನ ಎದೆಗೆ ನಾನೇ ಗುದ್ದಿಕೊಳ್ಳುತ್ತೇನೆ ಎಂದು ಹೇಗೆ ಹೇಳಲಿ? ಸಾಲದ್ದಕ್ಕೆ ಬಾಗಿಲಲ್ಲಿ ನಮ್ಮ ಅಂಗಡಿಯ ಗಿರಾಕಿಯೊಬ್ಬ ಚೀಟಿ ಹಿಡಿದು ನಿಂತಿದ್ದ. ಡಾಕ್ಟರು ಮಾತ್ರೆ ಬರೆದರು, ಭಾರ ಎತ್ತಬೇಡಿ, ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು ಎಂದರು. ನಾನು ಅಂದಿನಿಂದ ಅಂಗಡಿಯಲ್ಲಿ ಒಂದು ಕಾಗದ ಕೂಡ ಎತ್ತಲಿಲ್ಲ. ಎದೆ ಬಡಿದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ನೋವು ಹೋಗಲಿಲ್ಲ. ಡಾಕ್ಟರಿಗೆ ಗೊತ್ತಾಗಿಲ್ಲ, ಇದು ಹಾರ್ಟೇ ಎಂದುಕೊಂಡೆ.

ನಾಟಕಕ್ಕೆ ಮೂರು ವಾರ ಇರುವಾಗ ಮೇಷ್ಟರ ಮುಂದೆ ಹೋಗಿ ನಿಂತೆ. "ಪಾತ್ರ ಬೇರೆಯೋರಿಗೆ ಕೊಟ್ಬುಡಿ ಮೇಷ್ಟ್ರೇ. ನಂಗೆ ಎದೆನೋವು."

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರು. ಮೇಷ್ಟರ ಕಣ್ಣು ಅರಳಿತು.

"ಎಂಗೆ ನೋವು? ಗುದ್ದಿದಂಗೋ, ಚುಚ್ಚಿದಂಗೋ?"

"ಚುಚ್ಚಿದಂಗೆ."

"ಸೀನಿದ್ರೆ?"

"ಪ್ರಾಣ ಓದಂಗಾಯ್ತದೆ."

"ಯಾವ ಮಗ್ಗುಲಿಗೆ ಮಲಿಕ್ಕತೀರಿ? ಒತ್ತುದ್ರೆ ಜಾಸ್ತಿ ಆಯ್ತದಾ? ಎಲ್ಲಿ, ಒಂದೇ ಬೆಳ್ಳಲ್ಲಿ ತೋರ್ಸಿ."

ತೋರಿಸಿದೆ. ಅವರು ನನ್ನ ಅದೇ ಬೆರಳನ್ನು ಹಿಡಿದು ತಮ್ಮ ಬನಿಯನ್ನಿನ ಮೇಲೆ, ಸರಿಯಾಗಿ ಅದೇ ಜಾಗಕ್ಕೆ ಇಟ್ಟು ಒತ್ತಿಕೊಂಡು ಹಲ್ಲು ಕಚ್ಚಿದರು. "ಇಲ್ಲೇ ತಾನೆ? ನಂದೂ ಇಲ್ಲೇ ಕಣ್ರೀ. ಅನ್ನೊಂದು ವರ್ಸ ಆಯ್ತು. ಬತ್ತದೆ, ಓಯ್ತದೆ, ತಿರುಗಾ ಬತ್ತದೆ." ಆ ಮೊಣಕೈ ಯಾಕೆ ಹಾಗಿರುತ್ತದೆ ಎಂದು ನನಗೆ ತಿಳಿದದ್ದು ಆಗ.

ಆಮೇಲೆ ಕೇಳಿದರು: "ಡಾಕ್ಟ್ರಮ್ಮುಂಗೆ ಎದೆ ಬಡ್ಕಳದು ಏಳಿದ್ರಾ?"

"ಇಲ್ಲ. ನಾಚ್ಕೆ ಆಯ್ತು."

ಮೇಷ್ಟರಿಗೆ ನಗು ಬಂತು. ನಕ್ಕರೆ ಅವರಿಗೂ ನೋವು. ಟವೆಲನ್ನು ಮಡಿಸಿ ಎದೆಗೆ ಒತ್ತಿಕೊಂಡು, "ನಗುಸ್ಬ್ಯಾಡಿ ಸಾವ್ಕಾರ್ರೇ, ಸತ್ತೋಯ್ತೀನಿ" ಎನ್ನುತ್ತಲೇ ನಕ್ಕರು. ಮಾರನೆಯ ದಿನ ಬಸ್ಸಿನಲ್ಲಿ ನನ್ನ ಜೊತೆ ತಾವೇ ಹಾಸನಕ್ಕೆ ಬಂದು, ಡಾಕ್ಟರ ಮುಂದೆ ನನ್ನ ಪ್ರವೇಶವನ್ನು ಅಭಿನಯಿಸಿ ತೋರಿಸಿದರು. ಡಾಕ್ಟರು ತುಟಿ ಕಚ್ಚಿಕೊಂಡು, "ನಾಟಕ ಮಾಡಿ ಸಾರ್, ಗುದ್ದೋದು ನಿಲ್ಸಿ" ಎಂದರು. ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ, ಎಂದಿನ ನೋವಿಗಿಂತ ಬೇರೆ ಅನ್ನಿಸಿದರೆ ಮಾತ್ರ ಯೋಚನೆ ಮಾಡುತ್ತ ಕೂರದೆ ಓಡಿ ಬರಬೇಕು ಎಂದೂ ಹೇಳಿ ಕಳಿಸಿದರು.

ಆದರೂ ನನ್ನ ಭಯ ಪೂರ್ತಿ ಹೋಗಲಿಲ್ಲ. ಅದು ಮೇಷ್ಟರಿಗೆ ಗೊತ್ತಾಯಿತು. ಆ ಭಾನುವಾರ ಬೆಳಿಗ್ಗೆ ಬನ್ನಿ ಎಂದು ಕರೆದು ಎಲ್ಲಿಗೆ ಕರೆದುಕೊಂಡು ಹೋದರು ಅಂದುಕೊಂಡಿರಿ? ಮಟನ್ ಅಂಗಡಿಗೆ! ನಾನು ಹುಟ್ಟಿದಾಗಿನಿಂದ ಆ ಸಾಲಿನ ಕಡೆ ತಲೆ ಹಾಕಿದವನಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. ಗಿರಾಕಿಗಳು ಯಾರಾದರೂ ನೋಡಿದರೆ ಏನು ಗತಿ ಎಂದು ಟವೆಲನ್ನು ಮುಖಕ್ಕೆ ಸುತ್ತಿಕೊಂಡು ನಿಂತೆ. ಅಂಗಡಿಯವನಿಗೆ ಮೇಷ್ಟರ ಪರಿಚಯ ಹಳೆಯದು. ಕೇಳುವ ಮೊದಲೇ, "ಪಕ್ಕೆ ನೋಡ್ಬೇಕಾ ಮೇಷ್ಟ್ರೇ?" ಎಂದು ಒಂದು ತುಂಡು ಹಲಗೆಯ ಮೇಲಿಟ್ಟ.

"ನೋಡಿ ಇಲ್ಲಿ. ಇದು ಪಕ್ಕೆಲುಬು, ಗಟ್ಟಿ. ಇದು ಎದೆಮೂಳೆ, ಇದೂ ಗಟ್ಟಿ. ಎರಡರ ಮಧ್ಯೆ ಬೆಳ್ಳಗೆ ಐತಲ್ಲ, ಇದು ಎಳೆಮೂಳೆ." ಮೇಷ್ಟರು ಅದನ್ನು ಬೆರಳಿನಿಂದ ಬಗ್ಗಿಸಿದರು. ಬಿಟ್ಟರೆ ಮತ್ತೆ ನೆಟ್ಟಗಾಯಿತು. "ಇದು ಬಗ್ಗದೆ ಓಗಿದ್ರೆ ಉಸ್ರು ಎಳ್ಕಳಕಾಯ್ತಿತ್ತಾ? ದಿನಾ ಎಷ್ಟು ಸಾವ್ರ ಸತಿ ಬಗ್ಗಬೇಕು ಪಾಪ ಇದು. ಅದರ ಮೇಲೆ ನೀವು ಗುದ್ದು ಬ್ಯಾರೆ ಆಕಿದ್ರಿ."

ನಾನು ಟವೆಲು ಸರಿಸಿ ನೋಡಿದೆ. ನನ್ನನ್ನು ಇಷ್ಟು ದಿನ ಹೆದರಿಸಿದ್ದು ಕಿರುಬೆರಳಿನಷ್ಟು ಅಗಲದ ಆ ಬಿಳಿ ಪಟ್ಟಿ. ಅಸಹ್ಯವಾಗಬೇಕಿತ್ತು, ಆಗಲಿಲ್ಲ. ಇನ್ನೊಂದು ಸಲ ಬಗ್ಗಿಸಿ ಎಂದು ನಾನೇ ಕೇಳಿದೆ.

"ನೋವ್ನ ಬಯ್ಬ್ಯಾಡಿ. ಮನೇಗ್ ಬಂದ ನೆಂಟ್ರನ್ನ ವಿಚಾರುಸ್ದಂಗೆ ವಿಚಾರ್ಸಿ. ಯಾವಾಗ್ ಬಂದೆ, ಏನ್ ಬೇಕು, ಎಷ್ಟು ದಿನ ಇರ್ತೀಯ ಅಂತ" ಎಂದು ದಾರಿಯಲ್ಲಿ ಹೇಳಿದರು. ಅವರು ಹನ್ನೊಂದು ವರ್ಷದಿಂದ ಮಾಡುತ್ತಿದ್ದುದು ಅದನ್ನೇ. ಎಡಗೈಯಲ್ಲಿ ತಿದಿ ಎಳೆದರೆ ನೋಯುತ್ತದೆಂದು ಕೈ ಹಾರ್ಮೋನಿಯಂ ಬಿಟ್ಟು, ಅಭ್ಯಾಸಕ್ಕೂ ಕಾಲಿನಲ್ಲಿ ತುಳಿಯುವ ಹಾರ್ಮೋನಿಯಮ್ಮನ್ನೇ ಲಗೇಜ್ ಆಟೋದಲ್ಲಿ ತರಿಸುತ್ತಿದ್ದರು. ಸೀನು ಬರುವ ಮೊದಲು ಮಡಿಸಿದ ಟವೆಲು ಎದೆಗೆ. ಮಲಗುವಾಗ ಎಡತೋಳಿನ ಕೆಳಗೆ ಪುಟ್ಟ ದಿಂಬು. ಚಳಿಗೆ ಬಿಸಿನೀರಿನ ಬಾಟಲಿ. ನಾಟಕದ ಪುಸ್ತಕದ ಅಂಚಿನಲ್ಲಿ, ಯಾವ ಸಾಲಿಗೆ ಎಷ್ಟು ಉಸಿರು ಎಳೆದರೆ ನೋವು ಏಳುತ್ತದೆ ಎಂದು ಪೆನ್ಸಿಲ್ಲಿನ ಗುರುತು. ನನ್ನ ಮಾತುಗಳನ್ನೂ ಹಾಗೇ ತುಂಡು ಮಾಡಿಕೊಟ್ಟರು. ಒಂದೇ ಉಸಿರಿನಲ್ಲಿ ಅರಚುತ್ತಿದ್ದ ಸಾಲು ನಾಲ್ಕಾಯಿತು.

ಹಾಸನದಲ್ಲಿ ಹಗಲು ನಾಟಕ. ಪರದೆಯ ಹಿಂದೆ ನಿಂತಾಗ ತಂದೆಯ ನೆನಪು ಬಂತು. ರಂಗಕ್ಕೆ ಹೋದೆ. ಮುಷ್ಟಿ ಎತ್ತಿದೆ. ಎದೆಗೆ ಒಂದಂಗುಲ ಇರುವಾಗ ನಿಲ್ಲಿಸಿದೆ. ತಬಲದವನು ಸರಿಯಾಗಿ ಅದೇ ಗಳಿಗೆಗೆ ಬಾರಿಸಿದ. ಮೂರು ಸಲ. ಶಿಳ್ಳೆ ಬಿತ್ತು. ಹಾರ್ಮೋನಿಯಂ ಹಿಂದಿನಿಂದ ಮೇಷ್ಟರು, ನಾನು ಬದುಕಿದ್ದೇನೆಯೋ ಇಲ್ಲವೋ ಎಂದು ಹುಬ್ಬಿನಲ್ಲೇ ಕೇಳಿದರು.

ನೋವು ನಿಧಾನವಾಗಿ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ಆದರೆ ಭಯ ಹೋಯಿತು. ನಾವಿಬ್ಬರೂ ಸಿಕ್ಕಾಗಲೆಲ್ಲ ಮಕ್ಕಳ ಯೋಗಕ್ಷೇಮದಂತೆ ಪಕ್ಕೆಲುಬಿನ ಯೋಗಕ್ಷೇಮ ಕೇಳಿಕೊಳ್ಳುತ್ತಿದ್ದೆವು.

ಹೋದ ವರ್ಷ ಮೇಷ್ಟರಿಗೆ ಶ್ವಾಸಕೋಶಕ್ಕೆ ಸೋಂಕಾಗಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ಮೂರನೆಯ ದಿನ ಮಧ್ಯಾಹ್ನ ನೋಡಲು ಹೋದೆ. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದ್ದರು. ನನ್ನನ್ನು ಕಂಡು ಬಾ ಎಂದು ಕರೆದದ್ದು ಎಡಗೈಯಲ್ಲಿ. ಪೂರ್ತಿ ಎತ್ತಿ.

"ನೋವಿಲ್ಲ ಕಣಪ್ಪ" ಎಂದರು ಸಣ್ಣಗೆ. "ಬೆಳಗ್ಗಿಂದ ಉಡುಕ್ತಾ ಇವ್ನಿ. ಒತ್ತುದ್ರೂ ಇಲ್ಲ. ಯಾಕೋ ಸರಿಯಿಲ್ಲ. ಓಗಿ ಏಳು ಅವ್ರಿಗೆ."

ನಮ್ಮ ಪರಿಚಯದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ನಾನು ಹೋಗಿ ನರ್ಸಿಗೆ, ಮೇಷ್ಟರಿಗೆ ನೋವು ಹೋಗಿದೆಯಂತೆ ಎಂದೆ. "ಒಳ್ಳೇದೇ ಅಲ್ವಾ ಸಾರ್" ಎಂದು ಆಕೆ ಕನಿಕರದಿಂದ ನಕ್ಕರು. ಡಾಕ್ಟರನ್ನು ಕರೆಯಿರಿ ಎಂದೆ. ಡಾಕ್ಟರು ಬಂದು ನೋಡಿದರು. ಉಸಿರು ಬರೀ ಮೇಲೆ ಮೇಲೆ ಆಡುತ್ತಿದೆ, ಪಕ್ಕೆ ಅಲುಗುತ್ತಲೇ ಇಲ್ಲ, ಅದಕ್ಕೇ ಗೊತ್ತಾಗುತ್ತಿಲ್ಲ ಎಂದರು. ಮೇಷ್ಟರು ಅದನ್ನು ಕೇಳಿ ತಲೆಯಾಡಿಸಿದರು. ಕಾರಣ ಗೊತ್ತಾದದ್ದಕ್ಕೆ ಅವರಿಗೆ ಸಂತೋಷವಾದ ಹಾಗಿತ್ತು. ಮಾರನೆಯ ದಿನ ಸಂಜೆ ಹೋಗಿಬಿಟ್ಟರು.

ನನಗೀಗ ನಲವತ್ತೊಂಬತ್ತು. ನನ್ನ ತಂದೆ ನೋಡದ ವಯಸ್ಸು. ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಎದೆಮೂಳೆಯ ಪಕ್ಕ ಚುಚ್ಚಿತು. ಅಲ್ಲೇ ನಿಂತು ಬೆರಳಿನಿಂದ ಒತ್ತಿ ನೋಡಿಕೊಂಡೆ. ನೋವು ಇತ್ತು. ಸದ್ಯ, ಇದೆಯಲ್ಲ ಅನ್ನಿಸಿತು.