ಶಿವಕಾಂತಾ ಆರಿಸಿದ ಮಷೀನು

ವಾಕಡದ ಶೋರೂಮಿನಲ್ಲಿ ಸೇಲ್ಸಿನವನು ಶಿವಕಾಂತಾಳಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಬಾಗಿಲ ಕಡೆ ನೋಡುತ್ತ ಮರಾಠಿಯಲ್ಲಿ ಕೇಳಿದ: ‘ಸಾಹೇಬರು ಗಾಡಿ ನಿಲ್ಲಿಸಿ ಬರ್ತಿದ್ದಾರಾ?’

‘ಸಾಹೇಬರು ಮನೆಯಲ್ಲಿ ಸಾರು ಕುದಿಸ್ತಿದ್ದಾರೆ. ಮಷೀನು ಬೇಕಾಗಿರೋದು ನನಗೆ,’ ಎಂದು ಅವಳೂ ಮರಾಠಿಯಲ್ಲೇ ಹೇಳಿದಳು.

ಅವನು ತಮಾಷೆ ಅಂದುಕೊಂಡು ನಕ್ಕ. ಅವಳು ಹೇಳಿದ್ದು ನಿಜವೇ ಆಗಿತ್ತು. ಗಂಡ ದೇವಾನಂದ ಇಪ್ಪತ್ತು ವರ್ಷ ಜೆಸಿಬಿ ಓಡಿಸಿದವನು. ಬೆನ್ನುಮೂಳೆ ಸರಿದ ಮೇಲೆ ಡಾಕ್ಟರರು ಆ ಸೀಟಿನ ಹತ್ತಿರವೂ ಸುಳಿಯಬೇಡ ಅಂದರು. ಮಷೀನು ಯೆರವಡಾದ ರಸ್ತೆ ಬದಿಯಲ್ಲಿ ಹದಿನೈದು ದಿನ ಧೂಳು ತಿಂದಿತು. ಹದಿನಾರನೆಯ ದಿನ ಶಿವಕಾಂತಾ ಸೀರೆ ಎತ್ತಿ ಕಟ್ಟಿ, ಮೇಲೆ ಗಂಡನ ಅಂಗಿ ತೊಟ್ಟು ಸೀಟು ಹತ್ತಿದಳು. ಬಾಡಿಗೆ ಮಷೀನುಗಳು ನಿಲ್ಲುವ ಅಡ್ಡಾದಲ್ಲಿದ್ದ ಆಪರೇಟರುಗಳೆಲ್ಲ ಚಹಾ ಬಿಟ್ಟು ಎದ್ದು ನಿಂತು ನಕ್ಕರು. ಕನ್ನಡದ ಸೀಮೆಯಿಂದ ಗುಳೆ ಬಂದು, ಇದೇ ಊರಿನಲ್ಲಿ ಎಂಟನೇ ವಯಸ್ಸಿಗೇ ತಲೆಯ ಮೇಲೆ ಜಲ್ಲಿಕಲ್ಲಿನ ಬುಟ್ಟಿ ಹೊತ್ತವಳಿಗೆ ಜನರ ನಗು ಏನೂ ಹೊಸದಲ್ಲ. ಹನ್ನೆರಡು ವರ್ಷದಲ್ಲಿ ಒಂದು ಮಷೀನು ಮೂರಾಯಿತು. ಜಮೀನು ಹಸನು ಮಾಡುವ ಗುತ್ತಿಗೆದಾರಳು ಅಂತ ಹೆಸರಾಯಿತು.

ಈಗ ಬಂದಿದ್ದು ಅವಳ ಬದುಕಿನ ದೊಡ್ಡ ಕೆಲಸ. ಇಂದಾಪುರದ ಆಚೆ ಒಂದು ಸೋಲಾರ್ ಕಂಪನಿ ಮುನ್ನೂರು ಎಕರೆ ಹಿಡಿದಿತ್ತು. ಅಷ್ಟೂ ನೆಲದಲ್ಲಿ ಬಳ್ಳಾರಿ ಜಾಲಿ ಬೆಳೆದು, ಆಡು ಕೂಡ ಒಳಗೆ ಹೋಗಿ ಬರಲಾರದಷ್ಟು ಹೆಣೆದುಕೊಂಡಿತ್ತು. ಕಿತ್ತು ಗುಡ್ಡೆ ಹಾಕಿ ಸುಟ್ಟುಬಿಡಿ ಅಂತ ಕಂಪನಿ ಮೊದಲು ಹೇಳಿತ್ತು. ಸುತ್ತ ಮೂರು ದಿಕ್ಕಿಗೂ ಜನರ ಕಬ್ಬು ನಿಂತಿದೆ, ಬೆಂಕಿ ಹಚ್ಚುವವಳು ನಾನಲ್ಲ ಅಂತ ಅವಳು ಪಟ್ಟು ಹಿಡಿದ ಮೇಲೆ ಮಲ್ಚರ್ ತರುವುದೆಂದು ನಿರ್ಧಾರವಾಯಿತು. ಮುಂದೆ ಹಲ್ಲಿನ ದೊಡ್ಡ ಉರುಳೆ ತಿರುಗುತ್ತದೆ. ನಿಂತ ಮರವನ್ನೇ ಅಗಿದು, ಚೂರು ಮಾಡಿ ನೆಲಕ್ಕೆ ಹಾಸುತ್ತದೆ. ಬೆಂಕಿಯೂ ಬೇಡ, ಲಾರಿಯೂ ಬೇಡ.

ಯಾವ ಮಲ್ಚರ್ ಎಂಬಲ್ಲಿ ಜಗಳ ಶುರುವಾಯಿತು.

ಅಷ್ಟರಲ್ಲಿ ಶೋರೂಮಿಗೆ ಬಂದು ಸೇರಿದ ಕಂಪನಿಯ ಮ್ಯಾನೇಜರ್ ಅಭಿಲಾಷ, ತುಮಕೂರಿನ ಕಡೆಯವನು, ಲ್ಯಾಪ್‌ಟಾಪಿನಲ್ಲಿ ಎಲ್ಲ ಲೆಕ್ಕ ಹಾಕಿಟ್ಟಿದ್ದ. ಗಾಲಿಯ ಬದಲು ರಬ್ಬರ್ ಪಟ್ಟಿಯ ಮೇಲೆ ಓಡುವ ಹಗುರ ಮಷೀನು ದಿನಕ್ಕೆ ಹೆಚ್ಚು ಎಕರೆ ಮುಗಿಸುತ್ತದೆ, ಅದೇ ಸಾಕು ಅನ್ನುವುದು ಅವನ ವಾದ. ಶಿವಕಾಂತಾಳ ಕಣ್ಣು ಮಾತ್ರ ಶೋರೂಮಿನ ಹಿಂದಿನ ಅಂಗಳದಲ್ಲಿದ್ದ ಉಕ್ಕಿನ ಪಟ್ಟಿಯ ಭಾರದ ಮಷೀನಿನ ಮೇಲಿತ್ತು.

‘ಇಲ್ಲೇ ಡೆಮೋ ತೋರಿಸ್ತೀವಿ,’ ಅಂದ ಸೇಲ್ಸಿನವನು. ಅಂಗಳದಲ್ಲಿ ನಾಲ್ಕು ಸುಬಾಬುಲ್ ಮರದ ದಿಮ್ಮಿ ನಿಲ್ಲಿಸಿಟ್ಟಿದ್ದರು.

‘ಸುಬಾಬುಲ್ ಅಂದ್ರ ಮೆತ್ತಗ, ಮೂಲಂಗಿ ಇದ್ದಂಗ. ಎರಡೂ ಮಷೀನ್ ಇಂದಾಪುರಕ್ಕ ತರ್ರಿ,’ ಅಂದಳು ಶಿವಕಾಂತಾ ಅಭಿಲಾಷನ ಕಡೆ ತಿರುಗಿ. ‘ಕಲ್ಲು ಇದ್ದಲ್ಲಿ, ಬಿಸಿಲು ಇದ್ದಲ್ಲಿ ನೋಡೂಣು.’

ಮೇ ತಿಂಗಳ ಒಂದು ಬೆಳಿಗ್ಗೆ ಎರಡೂ ಮಷೀನು ಟ್ರೇಲರಿನಿಂದ ಇಳಿದವು. ಮೊದಲ ಒಂದು ತಾಸು ಹಗುರ ಮಷೀನು ಸರಸರ ಮುಂದೆ ಹೋಯಿತು. ಅಭಿಲಾಷ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ಆಮೇಲೆ ಅದರ ಬ್ಲೇಡು ಕಲ್ಲಿಗೆ ಬಡಿದು ಮೊಂಡಾಯಿತು, ಹನ್ನೊಂದರ ಹೊತ್ತಿಗೆ ಇಂಜಿನ್ ಕಾದು ನಿಂತಿತು. ಶಿವಕಾಂತಾ ಹತ್ತಿರ ಹೋಗಿ ರೇಡಿಯೇಟರಿನ ಜಾಲರಿ ಬಿಚ್ಚಿ, ಬೊಗಸೆ ತುಂಬ ಹೊಟ್ಟು ತೆಗೆದು ಅಭಿಲಾಷನ ಮುಂದೆ ಹಿಡಿದಳು.

‘ಕ್ಲೀನ್ ಮಾಡಿದ್ರೆ ಆಯ್ತಲ್ಲ ಮೇಡಂ.’

‘ತಾಸಿಗೊಮ್ಮಿ ಯಾರು ಮಾಡ್ತಾರ್ರಿ? ಆ ದೊಡ್ಡದರ ಫ್ಯಾನ್ ಉಲ್ಟಾ ತಿರುಗಿ ಹೊಟ್ಟು ತಾನೇ ಊದಿ ಒಗೀತದ, ನೋಡ್ರಿ.’ ಅವಳು ಹಗುರ ಮಷೀನು ಕತ್ತರಿಸಿದ ಒಂದು ಬೊಡ್ಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದರಿದಳು. ‘ಇಲ್ಲಿ ಬರ್ರಿ. ಜಾಲಿ ಜೀವ ಮ್ಯಾಲ ಇರಂಗಿಲ್ಲ. ಒಂದು ಗೇಣು ಒಳಗ, ಬೇರಿನ ಈ ಕುತ್ತಿಗ್ಯಾಗ ಅದ. ಇದು ಉಳಿದ್ರ ಒಂದು ಮಳಿಗೆ ಐದು ಚಿಗುರು. ನಿಮ್ಮ ಮಷೀನ್ ಬರೇ ಕ್ಷೌರ ಮಾಡ್ತದ. ದೊಡ್ಡದರ ಹಲ್ಲು ಮಣ್ಣಾಗ ಇಳೀತದ.’

‘ದೊಡ್ಡದಾದ್ರೆ ಬೇರಿನ ಸಮೇತ ಎಲ್ಲಾ ಕ್ಲಿಯರ್,’ ಎಂದ ಮಷೀನುಗಳ ಜೊತೆ ಬಂದಿದ್ದ ಸೇಲ್ಸಿನವನು, ಇದಾದರೂ ಮಾರಾಟವಾಗಲಿ ಅಂತ.

‘ಇಲ್ಲ, ಅದರಿಂದಲೂ ಎಲ್ಲ ಆಗೂದಿಲ್ಲ. ದಪ್ಪ ಬೊಡ್ಡೆ ಉಳೀತಾವ. ಅದರ ಹಿಂದ ನನ್ನ ಜೆಸಿಬಿ ಬಂದು ಒಂದೊಂದೇ ಕೀಳ್ತದ. ತಡ ಆಗ್ತದ.’

‘ತಡ ಆದ್ರೆ ಆಗಲ್ಲ ಮೇಡಂ. ಹೆಡ್ ಆಫೀಸಲ್ಲಿ ಹಗುರದ್ದೇ ಫೈನಲ್ ಆಗಿದೆ. ನೀವು ಗುತ್ತಿಗೆ ಕಾಗದಕ್ಕೆ ಸಹಿ ಮಾಡಿ.’

‘ನಾ ಮಾಡಂಗಿಲ್ರಿ.’

‘ಬೇರೆಯವರಿಗೆ ಕೊಡಬೇಕಾಗುತ್ತೆ.’

‘ಕೊಡ್ರಿ,’ ಅಂದಳು ಶಿವಕಾಂತಾ. ಕೈ ಒರೆಸಿಕೊಂಡು ಗಾಡಿಯ ಕಡೆ ನಡೆದೇಬಿಟ್ಟಳು.

ಎರಡು ದಿನ ಬಿಟ್ಟು ಅಭಿಲಾಷನೇ ಫೋನು ಮಾಡಿದ. ಮುನ್ನೂರು ಎಕರೆಯನ್ನೂ ಒಬ್ಬನೇ ಹಿಡಿಯುವ ಬೇರೆಯವನು ಅವನಿಗೆ ಸಿಕ್ಕಿರಲಿಲ್ಲ. ಜಮೀನಿನ ನಡುವೆ ಹರಿಯುವ ನಾಲೆಯ ಪೂರ್ವಕ್ಕಿರುವ ಅರ್ಧ ಅವಳಿಗೆ, ಅವಳಿಗೆ ಬೇಕಾದ ಮಷೀನು ತರಲಿ. ಪಶ್ಚಿಮದ ಅರ್ಧ ಇನ್ನೊಬ್ಬ ಗುತ್ತಿಗೆದಾರನಿಗೆ, ಹಗುರ ಮಷೀನಿನ ಜೊತೆ. ಅವಳ ಪಾಲಿನಲ್ಲಿ ಚಿಗುರು ಬಂದರೆ ಹೊಣೆ ಅವಳದೇ ಅಂತ ಬರೆದುಕೊಡಬೇಕು. ಶಿವಕಾಂತಾ ಬರೆದುಕೊಟ್ಟಳು.

ಹಗುರ ಮಷೀನಿನವರು ಬ್ಲೇಡು ಬದಲಿಸುತ್ತ, ಹೊಟ್ಟು ಜಾಡಿಸುತ್ತ ಹೋದರೂ ಜೂನ್ ಕೊನೆಯೊಳಗೆ ಮುಗಿಸಿ ಹೊರಟರು. ನಾಲೆಯ ಆಚೆ ನೆಲ ಬೋಳಿಸಿದ ತಲೆಯ ಹಾಗೆ ನುಣ್ಣಗಾಯಿತು, ಫೋಟೋಗಳು ಹೆಡ್ ಆಫೀಸಿಗೆ ಹೋದವು. ಶಿವಕಾಂತಾ ಆಗಿನ್ನೂ ತನ್ನ ಪಾಲಿನ ಅರ್ಧದಲ್ಲಿದ್ದಳು. ಯೆರವಡಾದ ಅಡ್ಡಾದಲ್ಲಿ ಅವಳ ಹೆಸರೆತ್ತಿ ನಗುವುದು ಮತ್ತೆ ಶುರುವಾಯಿತು.

‘ಹಟ ಸಾಕು ಮಾಡು. ನೀನೂ ಆ ಮಷೀನೇ ತಗೊಂಡು ಮುಗಸು,’ ಅಂದ ದೇವಾನಂದ.

‘ನೀ ಇಪ್ಪತ್ತು ವರ್ಷ ಓಡಿಸೀದಿ. ಯಾವುದು ಖರೇ ಕೆಲಸ ಅಂತ ನಿನಗ ಗೊತ್ತಿಲ್ಲೇನು?’

ಹಾಗೆ ಅಂದರೂ ಅವಳಿಗೂ ಒಳಗೊಳಗೇ ಅಳುಕಿತ್ತು. ಒಂದು ಮಧ್ಯಾಹ್ನ ಉರುಳೆಯ ನಾಲ್ಕು ಹಲ್ಲು ಒಟ್ಟಿಗೇ ಮುರಿದು, ಹೊಸವು ಬರುವತನಕ ಎರಡು ದಿನ ಕೆಲಸ ನಿಂತಿತು. ಮಷೀನಿನ ನೆರಳಿನಲ್ಲಿ ಕೂತು, ತಪ್ಪು ಮಾಡಿದೆನೇನೋ ಅಂದುಕೊಂಡಳು. ಹಲ್ಲು ಬಂದ ಮೇಲೆ ತಾನೇ ಕೂತು ಬೋಲ್ಟು ಬಿಗಿದು, ಮತ್ತೆ ಶುರು ಮಾಡಿದಳು.

ಜುಲೈ ಹೊತ್ತಿಗೆ ಮಳೆ ಹಿಡಿಯಿತು. ನಾಲೆಯ ಪಶ್ಚಿಮಕ್ಕೆ ಮೊದಲು ತಿಳಿಹಸಿರು ಹೊಗೆಯಂತೆ ಕಂಡಿತು. ಆಗಸ್ಟಿನಲ್ಲಿ ಅದು ಮೊಣಕಾಲೆತ್ತರದ ಜಾಲಿ. ಸೋಲಾರ್ ಫಲಕದ ಕಂಬ ನೆಡಲು ಬಂದವರ ಬೂಟಿನೊಳಗೆ ಮುಳ್ಳು ಹೊಕ್ಕು, ಅವರು ಕೆಲಸ ಬಿಟ್ಟು ಹೋದರು. ಪೂರ್ವದ ಕಡೆ ಶಿವಕಾಂತಾಳ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಅಲ್ಲಿ ಚೂರುಗಳ ಹಾಸಿನ ಮೇಲೆ ಹುಲ್ಲು ಮಾತ್ರ ಎದ್ದಿತ್ತು. ಜೆಸಿಬಿ ಹೋಗಲಾಗದ ಹಾಳು ಬಾವಿಯ ಸುತ್ತ ಹತ್ತಿಪ್ಪತ್ತು ಚಿಗುರು ಬಂದಿದ್ದವು. ಬರೆದುಕೊಟ್ಟ ಮಾತಿನಂತೆ ಅವಳೇ ಗುದ್ದಲಿ ಹಿಡಿದು ಹೋಗಿ ಅಗೆದು ತೆಗೆದಳು.

ಸೆಪ್ಟೆಂಬರಿನಲ್ಲಿ ಅಭಿಲಾಷ ಯೆರವಡಾದ ಅವಳ ಮನೆ ಹುಡುಕಿಕೊಂಡು ಬಂದ.

‘ನಿಮ್ಮ ಮಾತು ಕೇಳಬೇಕಿತ್ತು ಮೇಡಂ.’

‘ಕೇಳಿದ್ರಿ. ಒಪ್ಪಲಿಲ್ಲ.’

ಅವನು ತಲೆ ತಗ್ಗಿಸಿದ. ‘ಆ ಅರ್ಧಾನೂ ನೀವೇ ಮಾಡಿಕೊಡಿ. ಮಷೀನ್ ನಿಮ್ಮಿಷ್ಟ.’

‘ಮಾಡ್ತೀನಿ. ಆದ್ರ ದಿನಕ್ಕ ಎಷ್ಟು ಎಕರೆ ಅಂತ ನನಗ ಯಾರೂ ಕೇಳಬಾರದು. ಮತ್ತ ಈಗ ಆಗೂದಿಲ್ಲ. ಮಷೀನ್ ಬ್ಯಾರೆ ಕೆಲಸಕ್ಕ ಹೋಗ್ಯಾದ. ದಸರಾ ಆದ ಮ್ಯಾಲ.’

‘ಹೆಡ್ ಆಫೀಸಿನವರು ಈ ವಾರಾನೇ ಅಂತಿದ್ದಾರೆ.’

‘ಹಂಗಾದ್ರ ಅವರೇ ಬಂದು ಕೀಳ್ಲಿ,’ ಅಂದಳು ಶಿವಕಾಂತಾ, ಶಾಂತವಾಗಿಯೇ.

ದಸರಾ ಮುಗಿದ ಮೂರನೆಯ ದಿನ ಉಕ್ಕಿನ ಪಟ್ಟಿಯ ಮಷೀನು ನಾಲೆ ದಾಟಿ ಪಶ್ಚಿಮಕ್ಕೆ ಇಳಿಯಿತು. ಅಭಿಲಾಷ ದಂಡೆಯ ಮೇಲೆ ಛತ್ರಿ ಹಿಡಿದು ನಿಂತಿದ್ದ. ದಿನವಿಡೀ ನಿಂತರೂ ಅವನು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಕ್ಯಾಬಿನ್ನಿನೊಳಗೆ ಶಿವಕಾಂತಾ ಉರುಳೆಯನ್ನು ಒಂದು ಗೇಣು ಮಣ್ಣಿಗಿಳಿಸಿ, ನಿಧಾನಕ್ಕೆ ಮುಂದೆ ಸಾಗುತ್ತಿದ್ದಳು.