ಎರವಿನ ತವರು

ಬೆಟಗೇರಿಯ ಸಿದ್ದಲಿಂಗವ್ವ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಗಂಡ ತೀರಿದ ಮೇಲೆ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ, ರಾಟಿ ತಿರುವಿಯೇ ಮಗಳು ಶೀತಲಳನ್ನು ಓದಿಸಿದಳು. ಓದಿದ ಮಗಳು ಗದಗಿನ ಕಾಲೇಜಿನಿಂದ ಒಂದು ದಪ್ಪ ಕಾದಂಬರಿ ತಂದು ದಿನವೂ ಅವ್ವನಿಗೆ ಓದಿ ಹೇಳತೊಡಗಿದಳು.

ವಿಕ್ಟೋರಿಯಾ ರಾಣಿಯ ಕಾಲದ್ದು, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು. ಜಮೀನ್ದಾರನ ಮಗ ನೂಲಿನ ಗಿರಣಿಯ ಹುಡುಗಿಯನ್ನು ಮೆಚ್ಚುತ್ತಾನೆ. ಗಿರಣಿಯಲ್ಲಿ ಮಕ್ಕಳು ಕೆಮ್ಮಿ ಕೆಮ್ಮಿ ಸಾಯುತ್ತವೆ; ಬರೆದವನು ಪುಟಗಟ್ಟಲೆ ಮರುಗುತ್ತಾನೆ. ಅಲ್ಲಿಯವರೆಗೆ ಸಿದ್ದಲಿಂಗವ್ವ ಸುಮ್ಮನೆ ಕೇಳಿದಳು. ಹತ್ತಿಯ ಧೂಳು ಎದೆಗಿಳಿಯುವುದು ಅವಳಿಗೆ ಹೊಸದಲ್ಲ. ಕೊನೆಗೆ ನೋಡಿದರೆ, ಹುಡುಗಿಯ ಕೊರಳಿನ ಪದಕದಿಂದ ಅವಳು ಗಿರಣಿಯವಳೇ ಅಲ್ಲ, ಯಾರೋ ದೊಡ್ಡ ಸಾಹೇಬನ ಕಳೆದುಹೋದ ಮಗಳು ಎಂದು ಗೊತ್ತಾಯಿತು. ಮದುವೆಯಾಯಿತು.

“ಥೂ! ಇದೂ ಒಂದು ಪ್ರೀತಿ ಏನ? ಆಕಿ ಖರೇನ ಗಿರಣ್ಯಾಕಿನಾ ಆಗಿದ್ರ? ಬಡವರ್ನ ನೋಡಿ ಅಷ್ಟು ಮರಗಿದಂವ, ಒಬ್ಬ ಬಡವನ ಮಗಳಿಗೆ ಲಗ್ನದ ಅಕ್ಕಿಕಾಳು ಹಾಕಸಾಕ ಯಾಕ ಅಂಜಿದ?”

“ಆಗಿನ ಕಾಲ ಹಂಗಿತ್ತು, ಯವ್ವಾ.”

“ಸುಳ್ಳಿಗೊಂದು ಕಾಲ ಬ್ಯಾರೆ!”

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಮೋತಿಬಿ ನಕ್ಕಳು. “ಶೀತಲ್, ಆ ಕತಿ ಬರದ ಸಾಹೇಬ ನಿಮ್ಮವ್ವನ ಕೈಯಾಗ ಸಿಕ್ಕಿದ್ರ ರಾಟಿಗೆ ಕಟ್ಟಿ ತಿರುವತಿದ್ಲು ನೋಡು.”

ಆ ವಾರವೇ ಚನ್ನಬಸವಣ್ಣ ಬಂದ. ಗದಗಿನಲ್ಲಿ ಅವನದು ಕಾಳಿನ ಅಡತಿ ಅಂಗಡಿ. ಅವನ ಮಗ ವೀರು ಶೀತಲಳ ಜೊತೆ ಓದಿದವನು. ಜಾತಿ ಬೇರೆಯಾದರೂ ಅವಳನ್ನೇ ಆಗುತ್ತೇನೆಂದು ಹಟ ಹಿಡಿದಿದ್ದ. ಚನ್ನಬಸವಣ್ಣ ಕುರ್ಚಿಯ ಅಂಚಿಗಷ್ಟೇ ಕುಳಿತ.

“ನಮ್ಮದೇನ ತಕರಾರಿಲ್ಲವ್ವಾ. ಆದ್ರ ಮಂದಿ ಬಾಯಿ ಐತಲ್ಲ? ಲಕ್ಷ್ಮೇಶ್ವರದಾಗ ನಮ್ಮ ಹೆಂಡ್ತಿ ತಮ್ಮನ ಮನಿ ಐತಿ. ಅವರು ಹುಡುಗಿನ್ನ ತಮ್ಮ ಮಗಳು ಅಂತ ಉಡಿ ತುಂಬಿ ಕೊಡ್ತಾರ. ಲಗ್ನಪತ್ರಿಕ್ಯಾಗೂ ಅವರ ಹೆಸರಾ. ನೀವು ಮದುವಿಗೆ ಬರ್ರಿ, ಬ್ಯಾಡ ಅನ್ನೂದಿಲ್ಲ.”

ಹಮ್ಮಿಗಿಯ ತವರಿನಲ್ಲಿ ತನ್ನ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನಕೊಂಬು ಹಾಕಿದ್ದ ಅವ್ವನ ಕೈ ಸಿದ್ದಲಿಂಗವ್ವನ ಕಣ್ಣಿಗೆ ಕಟ್ಟಿತು.

“ಬಾಳ ದೊಡ್ಡ ಮನಸ್ಸರಿ ನಿಮ್ದು,” ಎಂದಳು. “ಹಡದಾಕಿಗೂ ಒಂದು ಎಲಿ ಹಾಕ್ತೇನಿ ಅಂದಂಗಾತು.”

ಅವನು ಕೇಳಿಸದವನಂತೆ ಎದ್ದು ಹೋದ.

“ನೋಡಿದೇನ? ನಿನ್ನ ಕೊರಳಿಗೂ ಒಂದು ಪದಕ ತಂದಿದ್ದ,” ಎಂದು ಸಿದ್ದಲಿಂಗವ್ವ ಮಗಳ ಕಡೆ ತಿರುಗಿದಳು.

ಶೀತಲ್ ತಲೆ ತಗ್ಗಿಸಿದಳು. “ಒಂದ ದಿನದ ಮಾತು, ಯವ್ವಾ. ಆಮ್ಯಾಲ ನಾ ನಿನ್ನ ಮಗಳಾ ಅಲ್ಲೇನು?”

“ಹೌದಾ? ಪಂಚಮಿಗೆ ನಿನ್ನ ಕರಿಯಾಕ ಯಾರು ಬರ್ತಾರ?”

ನಾಗಪಂಚಮಿಗೆ ಕರೆಯಲು ಬಂದವರದೇ ತವರು. ಈ ಸೀಮೆಯಲ್ಲಿ ಅದಕ್ಕೆ ಎರಡನೆಯ ಮಾತಿಲ್ಲ. ಶೀತಲ್ ಅಲ್ಲೇ ವೀರುವಿಗೆ ಫೋನ್ ಹಚ್ಚಿ ಅದನ್ನೇ ಕೇಳಿದಳು.

ಆತ ನಕ್ಕ. “ಮಾಮಾನ ಮನ್ಯಾವರು ಬರ್ತಾರ ತಗೋ. ಬೆಟಗೇರಿಗೆ ಹೋಗಿ ಮತ್ತ ಮಂದಿ ಕಣ್ಣಾಗ ಯಾಕ ಬೀಳಬೇಕು?”

“ಬಾಣಂತನಕ್ಕ?”

“ಅದೂ ಅಲ್ಲೇ.”

“ನಮ್ಮವ್ವ ಸತ್ರ ಮಣ್ಣಿಗೆ ಬರ್ಲ್ಯೋ, ನಿಮ್ಮ ಮಾಮಾನ್ನ ಕೇಳ್ಲ್ಯೋ?”

“ಅದನ್ನ ಅಪ್ಪನ್ನ ಕೇಳಿ ಹೇಳ್ತೇನಿ.”

“ಹಂಗಾರ ಕೇಳು. ಉಡಿ ನಮ್ಮವ್ವ ತುಂಬತಾಳ, ಈ ಮನ್ಯಾಗ. ಆಗೂದಿದ್ರ ನಿಮ್ಮಪ್ಪನ್ನ ಕರಕೊಂಡು ಬಾ.”

ಕೆಲವು ದಿನ ಬಿಟ್ಟು ವೀರು ಬಂದ. ಒಬ್ಬನೇ. ಇಸ್ತ್ರಿ ಮಾಡಿದ ಅಂಗಿ, ಕೆಂಪಗಾದ ಕಣ್ಣು. ನಿನ್ನ ಬಿಟ್ಟು ಬದುಕಲಾರೆ ಎಂದ. ಜಾತಿ ಎಂಬುದು ಎಂಥ ಅನ್ಯಾಯ ಎಂದು ಭಾಷಣದವರ ಹಾಗೆ ಚೆಂದಾಗಿ ಹೇಳಿದ. ಅಪ್ಪ ಒಪ್ಪುವ ತನಕ ತಡಿ ಎಂದ. ಸಿದ್ದಲಿಂಗವ್ವನ ನಾಲಗೆಯ ತುದಿಗೆ ಏಳೂರ ಬೈಗುಳ ಬಂದು ನಿಂತಿದ್ದವು. ಬಾಯಿ ತೆರೆಯುವ ಕೆಲಸವೇ ಅವಳಿಗೆ ಬೀಳಲಿಲ್ಲ.

“ಅಳಾಕ ನಿಮ್ಮ ಮಾಮಾನ ಮನ್ಯಾಗ ಜಾಗ ಸಿಗಲಿಲ್ಲೇನು?” ಎಂದಳು ಶೀತಲ್. “ಚಾ ಇಟ್ಟೇನಿ. ಕುಡದು ಹೋಗು.”