ಕರಿಮೋರೆ ಕಸಿದುಕೊಂಡ ಮರಿ

ಮೊನ್ನೆ ಬಿಂಡಿಗನವಿಲೆಯ ಬಸ್ಸಿನಲ್ಲಿ ಒಬ್ಬ ಹೆಂಗಸು ಆಗಷ್ಟೇ ಹುಟ್ಟಿದ ಕುರಿಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಪಕ್ಕ ಕೂತಳು. ಹಸಿ ಉಣ್ಣೆ, ಗಿಣ್ಣುಹಾಲು, ಒಂದಿಷ್ಟು ನೆತ್ತರು ಬೆರೆತ ಬೆಚ್ಚನೆಯ ವಾಸನೆ. ಕಿಟಕಿಯಾಚೆ ನೋಡುತ್ತಿದ್ದವಳು ಒಮ್ಮೆಗೇ ದೊಡ್ಡವ್ವನ ಕೊಟ್ಟಿಗೆಯೊಳಗೆ ಹೋಗಿಬಿಟ್ಟೆ. ಮಣ್ಣಿನ ಗೋಡೆ, ತೂಗುಹಾಕಿದ ಹಲಸಿನ ಸೊಪ್ಪಿನ ಕಟ್ಟು, ಕಣ್ಣು ಉರಿಸುವ ಗಂಜಲದ ಘಾಟು, ಎಳೆಮರಿಗಳನ್ನು ಕವುಚಿಡುವ ಬಿದಿರಿನ ಕುಕ್ಕೆ. ಅಂಥ ಮನೆಯೊಂದು ನಿಮಗೂ ಇದ್ದಿರಬಹುದು. ಇದ್ದಿದ್ದರೆ, ಈಗ ಅದು ಇಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡವ್ವ ನನ್ನ ಅಪ್ಪನ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ. ನನ್ನ ಬೆನ್ನಿಗೇ ಹುಟ್ಟಿದ ತಮ್ಮ ಕಾಯಿಲೆಯ ಕೂಸಾದ್ದರಿಂದ ಅವ್ವ ನನಗೆ ಮೊಲೆ ಬಿಡಿಸಿ, ನನ್ನನ್ನು ದೊಡ್ಡವ್ವನ ಮಡಿಲಿಗೆ ಹಾಕಿ, ಅಪ್ಪ ಕೆಲಸಕ್ಕಿದ್ದ ಪಾಂಡವಪುರಕ್ಕೆ ಹೋಗಿದ್ದಳು. ತಮ್ಮ ಚೇತರಿಸಿಕೊಂಡ, ನನಗೆ ಸ್ಕೂಲಿಗೆ ಸೇರುವ ವಯಸ್ಸಾಯಿತು. ಆ ಬೇಸಿಗೆಯಲ್ಲಿ ಅವ್ವ ನನ್ನನ್ನು ಕರೆದೊಯ್ಯಲೆಂದೇ ಬಂದಳು. ಬಂದಮೇಲೆ ಮಾತ್ರ ಆ ಮಾತನ್ನು ಯಾರೂ ಎತ್ತಲಿಲ್ಲ. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಅಡುಗೆ ಮಾಡುತ್ತಿದ್ದರು. ಅವ್ವ ಹತ್ತಿರ ಕರೆದರೆ ನಾನು ದೊಡ್ಡವ್ವನ ಸೀರೆಯ ಹಿಂದೆ ಅವಿತುಕೊಳ್ಳುತ್ತಿದ್ದೆ. ಆಗ ಅವ್ವನ ಮುಖ ಹೇಗಾಗುತ್ತಿತ್ತೆಂದು ನೋಡಿದವಳಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಚೊಚ್ಚಲ ಕುರಿಯೊಂದು ಈದಿತು. ಅದಿನ್ನೂ ಸುಸ್ತಾಗಿ ನಿಂತಿರುವಾಗಲೇ, ದಿನ ತುಂಬಿದ್ದ ಕರಿಮೋರೆ ಎಂಬ ಹಳೆಯ ಕುರಿ ನಡುವೆ ನುಗ್ಗಿ, ಅದನ್ನು ಗುಮ್ಮಿ ಮೂಲೆಗೆ ಅಟ್ಟಿ, ಗಂಟಲೊಳಗೇ ಗುರುಗುಟ್ಟುತ್ತ ಮರಿಯನ್ನು ನೆಕ್ಕತೊಡಗಿತು. ನೀರಿಗೆ ಹೋಗಿದ್ದ ದೊಡ್ಡವ್ವ ಬರುವಷ್ಟರಲ್ಲಿ ಮರಿ ಕರಿಮೋರೆಯ ಕೆಚ್ಚಲು ಹಿಡಿದಾಗಿತ್ತು. ಅವಳು ಅದನ್ನು ಬಿಡಿಸಿ ತಂದು ಚೊಚ್ಚಲದ ಮುಂದಿಟ್ಟಳು. ಅದು ಮೂಸಿತು, ಹಿಂದೆ ಸರಿಯಿತು, ಬಾಗಿಲ ಕಡೆ ಮುಖ ಮಾಡಿ ಮರಿಗಾಗಿ ಅರಚಿತು. ಕಾಲ ಬಳಿ ನಿಂತದ್ದೇ ತನ್ನ ಮರಿಯೆಂದು ಅದಕ್ಕೆ ತಿಳಿಯಲಿಲ್ಲ. ಮರಿಯ ಮೈಯೆಲ್ಲ ಬೇರೆಯವಳ ಎಂಜಲಾಗಿತ್ತು.

ಮಧ್ಯಾಹ್ನ ಕರಿಮೋರೆಯೂ ಈದಿತು. ತನ್ನ ಹೊಟ್ಟೆಯಿಂದ ಬಿದ್ದದ್ದನ್ನು ತಿರುಗಿಯೂ ನೋಡಲಿಲ್ಲ. ಆ ಒದ್ದೆ ಮರಿ ನಡುಗುತ್ತ ಎದ್ದು ಕೆಚ್ಚಲು ಹುಡುಕಿ ಬಂದಾಗಲೆಲ್ಲ ಗುಮ್ಮಿ ಗೋಡೆಗೆ ಎಸೆಯಿತು. ಆ ಸದ್ದಿಗೆ ಅವ್ವ ಓಡಿಬಂದಳು. ದೊಡ್ಡವ್ವ ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ, ತಣ್ಣಗಾಗುತ್ತಿದೆ ಎಂದಳು. ಬೇಗ ಗಿಣ್ಣು ಕುಡಿಯದಿದ್ದರೆ ಉಳಿಯುವಂತಿರಲಿಲ್ಲ.

ಅವ್ವ ಕುರಿಗಳನ್ನೇ ನೋಡುತ್ತ ಹೇಳಿದಳು: "ಯಾರ್ ಮರಿ ಅವ್ರಿಗೆ ಬುಟ್ಬುಡಕ್ಕ."

"ಬುಡ್ಬೋದು ಕಣಮ್ಮಿ," ಅಂದಳು ದೊಡ್ಡವ್ವ. "ಅವು ಸೇರಿಸ್ಕಬೇಕಲ್ಲ."

ನಾನು ಕುಕ್ಕೆಯ ಪಕ್ಕ ಕೂತಿದ್ದೆ. ಅವರು ಕುರಿಗಳ ಮಾತನ್ನಷ್ಟೇ ಆಡುತ್ತಿಲ್ಲವೆಂದು ಆ ವಯಸ್ಸಿಗೂ ನನಗೆ ಗೊತ್ತಾಗಿತ್ತು.

ಮರಿಯ ಹಿಂದೆಯೇ ಬೀಳಬೇಕಿದ್ದು ಬೆಳಿಗ್ಗೆಯಿಂದ ಬೀಳದಿದ್ದ ಚೊಚ್ಚಲದ ಮಾಸು ಅಷ್ಟೊತ್ತಿಗೆ ಕಳಚಿ ಬಿತ್ತು. ದೊಡ್ಡವ್ವ ಅದನ್ನು ಕೈತುಂಬ ಎತ್ತಿ, ಚೊಚ್ಚಲಕ್ಕೆ ತನ್ನದೇ ವಾಸನೆ ಬರಲೆಂದು, ಕರಿಮೋರೆ ಒಲ್ಲದ ಮರಿಯ ನೆತ್ತಿಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಚೊಚ್ಚಲವನ್ನು ಹಿಡಿದುಕೊಳ್ಳಲು ಅವ್ವನಿಗೆ ಹೇಳಿದಳು. ಅವ್ವ ಮಂಡಿಯೂರಿ ಅದರ ಕತ್ತು ಅಪ್ಪಿ ಹಿಡಿದಳು. ಮರಿಯನ್ನು ಮುಂದಿಟ್ಟ ಕೂಡಲೇ ಅದು ತಲೆ ಬೀಸಿ ತಳ್ಳಿತು. ಮತ್ತೆ ಇಟ್ಟರೆ ಮತ್ತೆ ತಳ್ಳಿತು. ಮರಿ ಈ ಸಲ ಏಳಲಿಲ್ಲ, ಬಿದ್ದಲ್ಲೇ ಬಾಯಿ ತೆರೆಯಿತು, ದನಿ ಬರಲಿಲ್ಲ. ದೊಡ್ಡವ್ವ ಅದನ್ನೆತ್ತಿ ಮೂತಿಗೆ ತೀರ ಹತ್ತಿರ ಹಿಡಿದಳು. ಚೊಚ್ಚಲ ಬಹಳ ಹೊತ್ತು ಮೂಸಿತು. ಆಮೇಲೆ ನಾಲಗೆ ಹೊರಬಂತು. ಕಿವಿ ನೆಕ್ಕಿತು, ಕಣ್ಣು ನೆಕ್ಕಿತು, ಗಂಟಲೊಳಗೆ ಸಣ್ಣಗೆ ಗುರುಗುಟ್ಟಿತು. ಅವ್ವ ಕುರಿಯ ಬೆನ್ನಿಗೆ ಮುಖ ಒತ್ತಿ ಅತ್ತುಬಿಟ್ಟಳು.

ದೊಡ್ಡವ್ವ ಅವಳ ಕಡೆ ನೋಡದೆ ಕೈ ತೊಳೆದುಕೊಳ್ಳುತ್ತ ಹೇಳಿದಳು: "ನಾಳೆ ಮೊದಲ್ನೇ ಬಸ್ಗೇ ಕರ್ಕಂಡೋಗು. ವಸಿ ದಿನ ಅಳ್ತಾಳೆ, ಆಮೇಕೆ ಸೇರ್ಕತಾಳೆ. ಗದರಬ್ಯಾಡ ಅಷ್ಟೆಯ."

ಮಾರನೆಯ ದಿನ ಬಸ್ಸಿನ ಹತ್ತಿರ ಅವಳು ಅವ್ವನ ಕೈಗೆ ತಾನು ಉಟ್ಟು ಬಿಟ್ಟ, ಒಗೆಯದ ಹಳೆಯ ಸೀರೆಯೊಂದನ್ನು ಕೊಟ್ಟಳು. ರಾತ್ರಿ ಅದನ್ನುಟ್ಟು ನನ್ನನ್ನು ಪಕ್ಕ ಮಲಗಿಸಿಕೊಳ್ಳಬೇಕೆಂದು ಹೇಳಿದಳು. ಅವ್ವ ಹಾಗೇ ಮಾಡಿದಳು. ಇನ್ನೊಬ್ಬಳ ಸೀರೆಯುಟ್ಟು ಹೆತ್ತ ಮಗಳನ್ನು ಒಲಿಸಿಕೊಳ್ಳುವುದು ಅವಳಿಗೆ ಹೇಗನಿಸಿತೋ, ನಾನು ಕೇಳಲಿಲ್ಲ. ಎಂದು ಸೇರಿಕೊಂಡೆನೋ ನನಗೂ ನೆನಪಿಲ್ಲ.

ಎರಡೂ ಮರಿಗಳು ಬದುಕಿದವು. ಕೊಟ್ಟಿಗೆಯ ಜಾಗದಲ್ಲಿ ಈಗ ದಾಯಾದಿಗಳ ಟ್ರಾಕ್ಟರು ನಿಲ್ಲುತ್ತದೆ. ದೊಡ್ಡವ್ವ ಹೋದ ದಿನ ನಾವೆಲ್ಲ ಅಲ್ಲಿದ್ದೆವು. ಬಾಯಿಗೆ ನೀರು ಬಿಡಲು ಯಾರೋ ಅವಳ ತಮ್ಮನ ಮಗನನ್ನು ಕರೆದಾಗ ಅವ್ವ ಚೊಂಬನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು.

"ನೀನು ಬುಡವ್ವ," ಅಂದಳು. "ಮಗ್ಳು ನೀನಿದ್ದೀಯಲ್ಲ."

ನಾನು ಬಿಟ್ಟ ನೀರು ಒಳಗಿಳಿಯದೆ ತುಟಿಯಂಚಿನಲ್ಲೇ ನಿಂತಿತು. ಅವ್ವ ಬಗ್ಗಿ ಅದನ್ನು ತನ್ನ ಸೆರಗಿನಿಂದ ಮೆಲ್ಲಗೆ ಒರೆಸಿದಳು.